ಅಮೆರಿಕದ ಕಾಲೇಜುಗಳು ಹೈಸ್ಕೂಲ್ ಗ್ರೇಡ್‌ಗಳನ್ನು ಓದುವ ಬಗೆ

ಹಾರ್ವರ್ಡ್ ವಿಶ್ವವಿದ್ಯಾಲಯದ ಅಡ್ಮಿಷನ್ ಪದ್ಧತಿಯ ಮೇಲೆ 2014ರಲ್ಲಿ ಒಂದು ಕೇಸು ಬಿತ್ತು. 2018ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಕೋರ್ಟಿನಲ್ಲಿ ಅದರ ವಿಚಾರಣೆ ನಡೆಯಿತು. ಅಲ್ಲಿಯವರೆಗೆ ಯಾರಿಗೂ ಕಾಣದೆ ಇದ್ದ ಎಷ್ಟೋ ಲೆಕ್ಕ ಆಗ ಹೊರಗೆ ಬಂತು. ಅದರಲ್ಲಿ ಒಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 2015ರಲ್ಲಿ ಕಾಲೇಜು ಸೇರಬೇಕಿದ್ದ ಬ್ಯಾಚ್‌ಗೆ ಅಮೆರಿಕದೊಳಗಿಂದಲೇ ಸುಮಾರು 26,000 ಅರ್ಜಿ ಬಂದಿದ್ದವು. ಅವರಲ್ಲಿ 8,000ಕ್ಕೂ ಜಾಸ್ತಿ ಮಕ್ಕಳ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಒಂದು ಚೂರೂ ಕಡಿಮೆಯಿಲ್ಲದೆ ಪೂರ್ತಿ ಇತ್ತು. ಸೀಟು ಇದ್ದದ್ದು ಸುಮಾರು 1,600.

ಕಟ್‌ಆಫ್ ನೋಡಿ ಬೆಳೆದವರಿಗೆ ಇದು ಅರ್ಥವಾಗೋದೇ ಕಷ್ಟ. ಅಂಕ ಜಾಸ್ತಿ ಇದ್ದವರಿಗೆ ಸೀಟು, ಕಡಿಮೆ ಇದ್ದವರು ಹೊರಗೆ ಅನ್ನುವುದು ನಮ್ಮ ತಲೆಯಲ್ಲಿರುವ ಲೆಕ್ಕ. ಇಲ್ಲಿ ಪೂರ್ತಿ ಅಂಕ ಇದ್ದವರೇ ಸೀಟಿನ ಐದು ಪಟ್ಟು ಇದ್ದಾರೆ. ಹಾಗಿದ್ದ ಮೇಲೆ ಗ್ರೇಡ್‌ಗೆ ಬೆಲೆಯೇ ಇಲ್ಲವಾ? ಖಂಡಿತ ಇದೆ. ಅಮೆರಿಕದ ಅಡ್ಮಿಷನ್ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ ಎನ್‌ಎಸಿಎಸಿ ಕಾಲೇಜುಗಳನ್ನು ಕೇಳಿದಾಗೆಲ್ಲ ಹೈಸ್ಕೂಲ್ ಗ್ರೇಡ್‌ಗಳೇ ಪಟ್ಟಿಯ ತುದಿಯಲ್ಲಿ ನಿಲ್ಲುತ್ತವೆ. ಸುಮಾರು ಮುಕ್ಕಾಲು ಪಾಲು ಕಾಲೇಜುಗಳು ಗ್ರೇಡ್‌ಗೆ ತುಂಬಾ ತೂಕ ಕೊಡುತ್ತೇವೆ ಅನ್ನುತ್ತವೆ. ಪ್ರಬಂಧ, ಶಿಫಾರಸು ಪತ್ರ, ಕ್ರೀಡೆ, ಸಂಗೀತ ಎಲ್ಲ ಅದರ ಹಿಂದೆ ಬರುತ್ತವೆ.

ಎರಡೂ ಹೇಗೆ ನಿಜವಾಗಲು ಸಾಧ್ಯ? ಕಾಲೇಜುಗಳು ಗ್ರೇಡ್‌ಗಳನ್ನು ಕೂಡಿಸಿ ಸಾಲಾಗಿ ನಿಲ್ಲಿಸುವುದಿಲ್ಲ. ಕೂತು ಓದುತ್ತವೆ. ಈ ಓದು ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಮಕ್ಕಳು, ಅಪ್ಪ ಅಮ್ಮ ಸುಮ್ನೆ ಸಂಕಟಪಡುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಒಂದೇ ಹಾಳೆ, 48 ಗ್ರೇಡು

ಅಮೆರಿಕದಲ್ಲಿ ಹೈಸ್ಕೂಲ್ ಅಂದರೆ ಸಾಮಾನ್ಯವಾಗಿ 9ರಿಂದ 12ನೇ ತರಗತಿ. ಕೊನೆಯಲ್ಲಿ ಇಡೀ ದೇಶಕ್ಕೆ ಒಂದೇ ಬೋರ್ಡ್ ಪರೀಕ್ಷೆ ಅಂತ ಇಲ್ಲ. ವರ್ಷಪೂರ್ತಿ ನಡೆಯುವ ಟೆಸ್ಟು, ಹೋಮ್‌ವರ್ಕ್, ಲ್ಯಾಬ್, ಪ್ರಾಜೆಕ್ಟ್ ಎಲ್ಲ ಸೇರಿಸಿ ಆಯಾ ವಿಷಯದ ಮೇಷ್ಟ್ರೇ ಗ್ರೇಡ್ ಹಾಕುತ್ತಾರೆ. ವರ್ಷಕ್ಕೆ ಆರು ವಿಷಯ, ಎರಡು ಸೆಮಿಸ್ಟರ್, ನಾಲ್ಕು ವರ್ಷ ಅಂತ ಇಟ್ಟುಕೊಂಡರೆ 48 ಗ್ರೇಡ್‌ಗಳಾದವು. ಇವೆಲ್ಲ ಒಂದೇ ಹಾಳೆಯಲ್ಲಿ ಬರುತ್ತವೆ. ಅದೇ ಟ್ರಾನ್ಸ್‌ಕ್ರಿಪ್ಟ್. ಜಿಪಿಎ ಅನ್ನುವುದು ಆ ಹಾಳೆಯ ಮೂಲೆಯಲ್ಲಿರುವ ಒಂದು ಸರಾಸರಿ, ಅಷ್ಟೇ.

ಸರಾಸರಿ ತೆಗೆಯುವ ಮೂಲ ಲೆಕ್ಕ ಸುಲಭ. ಎ ಗ್ರೇಡ್‌ಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ ಸೊನ್ನೆ. ಗೊಂದಲ ಶುರುವಾಗುವುದು ಇದರ ನಂತರ. ಕೆಲವು ಶಾಲೆಗಳಲ್ಲಿ ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3. ಕೆಲವು ಶಾಲೆಗಳಲ್ಲಿ ಪ್ಲಸ್ ಮೈನಸ್ ಇಲ್ಲವೇ ಇಲ್ಲ. ಒಂದು ಶಾಲೆಯಲ್ಲಿ 90 ಬಂದರೆ ಎ, ಇನ್ನೊಂದರಲ್ಲಿ 93 ಬೇಕು. ಕೆಲವರದ್ದು 100ರ ಲೆಕ್ಕ, ಕೆಲವರದ್ದು 5ರ ಲೆಕ್ಕ.

ಅದರ ಮೇಲೆ ಕಷ್ಟದ ಕ್ಲಾಸುಗಳಿಗೆ ಹೆಚ್ಚುವರಿ ಅಂಕ ಬೇರೆ. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುವ ಎಪಿ ಕ್ಲಾಸುಗಳು, ಐಬಿ ಕ್ಲಾಸುಗಳು ಕಾಲೇಜು ಮಟ್ಟದ ಪಾಠ. ಬಹಳಷ್ಟು ಶಾಲೆಗಳು ಇವಕ್ಕೆ ಒಂದು ಅಂಕ ಸೇರಿಸುತ್ತವೆ, ಸಾದಾ ಕ್ಲಾಸಿಗಿಂತ ಸ್ವಲ್ಪ ಕಷ್ಟದ ಆನರ್ಸ್ ಕ್ಲಾಸಿಗೆ ಅರ್ಧ. ಹೀಗೆ ಸೇರಿಸಿದ್ದು ವೆಯ್ಟೆಡ್ ಜಿಪಿಎ. ಸೇರಿಸದೆ ಇದ್ದದ್ದು ಅನ್‌ವೆಯ್ಟೆಡ್.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಬ್ಬ ಹುಡುಗ ಆರು ಸಾದಾ ಕ್ಲಾಸು ತಗೊಂಡ, ಆರಕ್ಕೆ ಆರೂ ಎ. ಅವನ ಜಿಪಿಎ 4.0. ಒಬ್ಬ ಹುಡುಗಿ ನಾಲ್ಕು ಎಪಿ, ಎರಡು ಸಾದಾ ಕ್ಲಾಸು ತಗೊಂಡಳು. ಎಪಿಗಳಲ್ಲಿ ಎರಡು ಎ, ಎರಡು ಬಿ. ಸಾದಾ ಎರಡರಲ್ಲೂ ಎ. ಅವಳ ಅನ್‌ವೆಯ್ಟೆಡ್ ಜಿಪಿಎ 3.67, ವೆಯ್ಟೆಡ್ 4.33. ಒಂದು ಲೆಕ್ಕದಲ್ಲಿ ಅವನು ಮುಂದೆ, ಇನ್ನೊಂದರಲ್ಲಿ ಅವಳು. ಎರಡರಲ್ಲಿ ಯಾವ ನಂಬರ್ ನೋಡಿದರೂ ಪೂರ್ತಿ ವಿಷಯ ಗೊತ್ತಾಗುವುದಿಲ್ಲ. ಹಾಳೆ ಬಿಚ್ಚಿ ಒಳಗೆ ನೋಡಲೇಬೇಕು.

ಅದಕ್ಕೇ ಎಷ್ಟೋ ಕಾಲೇಜುಗಳು ಶಾಲೆ ಕೊಟ್ಟ ಜಿಪಿಎಯನ್ನು ಪಕ್ಕಕ್ಕಿಟ್ಟು ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತವೆ. ದೈಹಿಕ ಶಿಕ್ಷಣ, ಆರೋಗ್ಯ ಶಿಕ್ಷಣದಂಥವನ್ನು ತೆಗೆದು ಐದು ಮುಖ್ಯ ವಿಷಯಗಳನ್ನು ಉಳಿಸಿಕೊಳ್ಳುವುದು ಸಾಮಾನ್ಯ: ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇನ್ನೊಂದು ಭಾಷೆ. "ನಮ್ಮ ಶಾಲೆಯಲ್ಲಿ ನನ್ನದು 4.6" ಅಂತ ಮಗು ಹೇಳುವ ನಂಬರ್ ಕಾಲೇಜಿನ ಫೈಲಿನಲ್ಲಿ ಹಾಗೇ ಉಳಿದಿರುತ್ತದೆ ಅನ್ನುವ ಖಾತ್ರಿ ಇಲ್ಲ. ಪಕ್ಕದ ಊರಿನ ಶಾಲೆಯ 4.4 ಜೊತೆ ಅದನ್ನು ಹೋಲಿಸಿ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ.

ಕ್ಯಾಲಿಫೋರ್ನಿಯಾದ ಲೆಕ್ಕ

ಲೆಕ್ಕವನ್ನು ಬಚ್ಚಿಡದೆ ಹೇಳುವ ಕಾಲೇಜುಗಳೂ ಇವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಮುಂತಾದ ಯುಸಿ ಕ್ಯಾಂಪಸ್‌ಗಳದ್ದು ಒಳ್ಳೆಯ ಉದಾಹರಣೆ.

ಯುಸಿಗೆ ಎ-ಟು-ಜಿ ಅಂತ ಕರೆಯುವ, ಒಂದೊಂದು ವರ್ಷದ 15 ಕೋರ್ಸ್‌ಗಳು ಬೇಕು. ಜಿಪಿಎಗೆ ಲೆಕ್ಕ ಹಿಡಿಯುವುದು ಅವುಗಳಲ್ಲಿ 9ನೇ ತರಗತಿ ಮುಗಿದ ಬೇಸಿಗೆಯಿಂದ 11ನೇ ತರಗತಿ ಮುಗಿದ ಬೇಸಿಗೆಯವರೆಗಿನ ಗ್ರೇಡ್‌ಗಳನ್ನು ಮಾತ್ರ. ಪ್ಲಸ್ ಮೈನಸ್ ನೋಡುವುದಿಲ್ಲ. ಎ ಮೈನಸ್ ಕೂಡ ಎ, ಬಿ ಪ್ಲಸ್ ಕೂಡ ಬಿ. ಎಪಿಯಂಥ ಕಷ್ಟದ ಕ್ಲಾಸಿನಲ್ಲಿ ಸಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ಇದ್ದರೆ ಸೆಮಿಸ್ಟರ್‌ಗೆ ಒಂದು ಅಂಕ ಜಾಸ್ತಿ. ಆದರೆ ಅಂಥ ಅಂಕ ಒಟ್ಟು ಎಂಟು ಸೆಮಿಸ್ಟರ್‌ಗೆ ಮಾತ್ರ. ಅದರಲ್ಲೂ 10ನೇ ತರಗತಿಯವು ನಾಲ್ಕಕ್ಕಿಂತ ಜಾಸ್ತಿ ಇರುವ ಹಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ಒಬ್ಬ ಹುಡುಗಿ ಎರಡು ವರ್ಷದಲ್ಲಿ, ವರ್ಷಕ್ಕೆ ಐದರಂತೆ, ಈ ಪಟ್ಟಿಯ ಕೋರ್ಸ್ ತಗೊಂಡಿದ್ದಾಳೆ. ಎರಡು ಸೆಮಿಸ್ಟರ್‌ನಂತೆ 20 ಗ್ರೇಡ್. 14 ಎ, 5 ಬಿ, 1 ಸಿ. ಎ ಇಂದ 56, ಬಿ ಇಂದ 15, ಸಿ ಇಂದ 2. ಒಟ್ಟು 73. ಇಪ್ಪತ್ತರಿಂದ ಭಾಗಿಸಿದರೆ 3.65. ಅವಳು 10ನೇ ತರಗತಿಯಲ್ಲಿ ಒಂದು ಎಪಿ, 11ರಲ್ಲಿ ಮೂರು ಎಪಿ ತಗೊಂಡಿದ್ದಳು. ಅಂದರೆ ಎಂಟು ಸೆಮಿಸ್ಟರ್. 73ಕ್ಕೆ 8 ಸೇರಿಸಿದರೆ 81, ಜಿಪಿಎ 4.05.

ಈಗ ಅವಳು 11ರಲ್ಲಿ ಮೂರರ ಬದಲು ಐದೂ ಎಪಿ ತಗೊಂಡು ಇದೇ ಗ್ರೇಡ್‌ಗಳನ್ನು ತಂದಿದ್ದರೆ? ಜಿಪಿಎ 4.05 ಆಗಿಯೇ ಉಳಿಯುತ್ತದೆ. ಎಂಟರ ಮಿತಿ ಮುಗಿಯಿತಲ್ಲ. ಅರ್ಜಿ ಓದುವವರಿಗೆ ಐದು ಎಪಿ ಕಾಣುತ್ತದೆ, ಅದಕ್ಕೆ ಬೆಲೆಯೂ ಇದೆ. ಆದರೆ ನಂಬರಿಗೋಸ್ಕರ ಎಪಿ ಮೇಲೆ ಎಪಿ ಪೇರಿಸುವುದರಿಂದ ಆ ನಂಬರ್ ಏರುವುದಿಲ್ಲ. ಇದು ಗೊತ್ತಿಲ್ಲದೆ 11ನೇ ತರಗತಿಯ ಮಕ್ಕಳು ರಾತ್ರಿ ಎರಡು ಗಂಟೆಯವರೆಗೆ ಕೂರುವುದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ.

9ನೇ ತರಗತಿಯ ಗ್ರೇಡ್ ಯುಸಿ ಜಿಪಿಎಯಲ್ಲಿ ಸೇರದಿದ್ದರೂ ಆ ಕೋರ್ಸ್‌ಗಳನ್ನು ಪಾಸಾಗಿರಲೇಬೇಕು. ಅರ್ಜಿ ಹಾಕಲು ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಕನಿಷ್ಠ 3.0, ಹೊರ ರಾಜ್ಯದವರಿಗೆ 3.4 ಬೇಕು. ಇದು ಬಾಗಿಲು ಮಾತ್ರ. ಬರ್ಕ್ಲಿಯಂಥ ಕಡೆ ಒಳಗೆ ಹೋಗುವವರ ಗ್ರೇಡ್ ಇದಕ್ಕಿಂತ ತುಂಬಾ ಮೇಲಿರುತ್ತದೆ.

ಶಾಲೆಯ ಪ್ರೊಫೈಲ್ ಅನ್ನುವ ಎರಡು ಪುಟ

ಅಪ್ಪ ಅಮ್ಮಂದಿರು ಬಹಳಷ್ಟು ಜನ ನೋಡಿಯೇ ಇರದ ಒಂದು ಕಾಗದ ಇದೆ. ನನ್ನ ಪ್ರಕಾರ ಇಡೀ ವಿಷಯದ ಬೀಗದ ಕೈ ಅದೇ. ಟ್ರಾನ್ಸ್‌ಕ್ರಿಪ್ಟ್ ಜೊತೆ ಶಾಲೆಯ ಕೌನ್ಸೆಲರ್ ಕಾಲೇಜಿಗೆ ಸ್ಕೂಲ್ ಪ್ರೊಫೈಲ್ ಅಂತ ಒಂದು ಅಥವಾ ಎರಡು ಪುಟ ಕಳಿಸುತ್ತಾರೆ. ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಎಪಿ ಕ್ಲಾಸು ಇವೆ, ಯಾರಿಗೆ ಅವಕ್ಕೆ ಸೇರಲು ಅವಕಾಶ, ಗ್ರೇಡ್ ಹೇಗೆ ಲೆಕ್ಕ ಹಾಕುತ್ತಾರೆ, ಎಷ್ಟು ಮಂದಿ ನಾಲ್ಕು ವರ್ಷದ ಕಾಲೇಜಿಗೆ ಹೋಗುತ್ತಾರೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಯಾವ ವಿಷಯದಲ್ಲಿ ಎಷ್ಟು ಮಕ್ಕಳಿಗೆ ಎ ಬಂತು ಅನ್ನುವ ಹಂಚಿಕೆಯನ್ನೂ ಕೆಲವು ಶಾಲೆಗಳು ಕೊಡುತ್ತವೆ.

ಈಗ ಯೋಚಿಸಿ. ಒಂದು ಸಣ್ಣ ಊರಿನ ಶಾಲೆಯಲ್ಲಿ ಇರುವುದೇ ಮೂರು ಎಪಿ. ಅಲ್ಲಿನ ಹುಡುಗ ಮೂರನ್ನೂ ತಗೊಂಡಿದ್ದಾನೆ. ಇನ್ನೊಂದು ದೊಡ್ಡ ಶಾಲೆಯಲ್ಲಿ 25 ಎಪಿ ಇವೆ. ಅಲ್ಲಿನ ಹುಡುಗನೂ ಮೂರೇ ತಗೊಂಡಿದ್ದಾನೆ. ಓದುವವರಿಗೆ ಇವು ಎರಡು ಬೇರೆಬೇರೆ ಚಿತ್ರ. ಮೊದಲನೆಯವನು ತನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿಕೊಂಡ. ಎರಡನೆಯವನು ಇದ್ದದ್ದರಲ್ಲಿ ಸ್ವಲ್ಪ ಮಾತ್ರ ಮುಟ್ಟಿದ. ಶಾಲೆಯಲ್ಲಿ ಇಲ್ಲದ ಕ್ಲಾಸನ್ನು ಯಾಕೆ ತಗೊಳ್ಳಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಕೌನ್ಸೆಲರ್ ತುಂಬುವ ಫಾರಂನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಈ ವಿದ್ಯಾರ್ಥಿ ಆರಿಸಿಕೊಂಡ ಪಾಠಗಳು, ನಿಮ್ಮ ಶಾಲೆಯಲ್ಲಿ ಸಿಗುವುದಕ್ಕೆ ಹೋಲಿಸಿದರೆ ಎಷ್ಟು ಕಠಿಣ? "ಅತ್ಯಂತ ಕಠಿಣ", "ತುಂಬಾ ಕಠಿಣ", "ಕಠಿಣ", ಹೀಗೆ ಕೆಳಗಿಳಿಯುವ ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಆ ಒಂದು ಟಿಕ್‌ಗೆ ಆಯ್ದು ತಗೊಳ್ಳುವ ಕಾಲೇಜುಗಳಲ್ಲಿ ತೂಕ ಜಾಸ್ತಿ. 10ನೇ ತರಗತಿಯಲ್ಲೇ ಕೌನ್ಸೆಲರ್ ಹತ್ತಿರ ಹೋಗಿ "ನಮ್ಮ ಶಾಲೆಯಲ್ಲಿ ಅತ್ಯಂತ ಕಠಿಣ ಅಂತ ನೀವು ಯಾವುದಕ್ಕೆ ಹೇಳುತ್ತೀರಿ?" ಅಂತ ಕೇಳಿಕೊಂಡು ಬರುವುದು ಒಳ್ಳೆಯದು. ಉತ್ತರ ಶಾಲೆಯಿಂದ ಶಾಲೆಗೆ ಬೇರೆ.

ಅರ್ಜಿ ಓದುವವರೂ ಪ್ರದೇಶಗಳನ್ನು ಹಂಚಿಕೊಂಡಿರುತ್ತಾರೆ. ಒಬ್ಬರಿಗೆ ಟೆಕ್ಸಾಸ್, ಇನ್ನೊಬ್ಬರಿಗೆ ನ್ಯೂ ಜೆರ್ಸಿ. ವರ್ಷ ವರ್ಷ ಅದೇ ಶಾಲೆಗಳ ಮಕ್ಕಳ ಫೈಲ್ ಓದಿ ಓದಿ ಯಾವ ಶಾಲೆಯಲ್ಲಿ ಎ ಸಿಗುವುದು ಸುಲಭ, ಎಲ್ಲಿ ಬಿ ಪ್ಲಸ್ ಬಂದರೂ ದೊಡ್ಡದು ಅನ್ನುವುದು ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಕೆಲವು ಕಡೆ ಇಬ್ಬರು ಅಕ್ಕಪಕ್ಕ ಕೂತು ಒಂದೇ ಫೈಲ್ ಓದುತ್ತಾರೆ. ಒಬ್ಬರು ಟ್ರಾನ್ಸ್‌ಕ್ರಿಪ್ಟ್ ನೋಡಿದರೆ ಇನ್ನೊಬ್ಬರು ಪ್ರಬಂಧ. ಒಂದು ಫೈಲಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರ ಕಣ್ಣು ಎಲ್ಲಿಗೆ ಹೋಗುತ್ತದೆ?

ಮೊದಲು ಗಣಿತದ ಸಾಲು. 9ರಲ್ಲಿ ಎಲ್ಲಿಂದ ಶುರು ಮಾಡಿದ, 12ರಲ್ಲಿ ಎಲ್ಲಿ ತಲುಪಿದ. ಎಂಜಿನಿಯರಿಂಗ್‌ಗೆ ಅರ್ಜಿ ಹಾಕಿದ್ದರೆ ಕ್ಯಾಲ್ಕ್ಯುಲಸ್, ಫಿಸಿಕ್ಸ್ ಇದೆಯಾ, ಅದರಲ್ಲಿ ಏನು ಬಂದಿದೆ. ಆಮೇಲೆ ದಿಕ್ಕು. ಬಿ, ಬಿ, ಎ, ಎ ಅಂತ ಏರಿದ್ದಾನಾ, ಎ, ಎ, ಬಿ, ಸಿ ಅಂತ ಇಳಿದಿದ್ದಾನಾ. ಎರಡರ ಸರಾಸರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಓದುವವರ ಮನಸ್ಸಿನಲ್ಲಿ ಆಗುವ ವ್ಯತ್ಯಾಸ ಮಾತ್ರ ದೊಡ್ಡದು. ಏರುವವನು ಕಾಲೇಜಿನಲ್ಲೂ ಏರುತ್ತಾನೆ ಅನ್ನುವ ನಂಬಿಕೆ ಹುಟ್ಟುತ್ತದೆ. ಅದಕ್ಕೇ 11ನೇ ತರಗತಿಗೆ ಅಷ್ಟು ತೂಕ. ಅರ್ಜಿ ಹಾಕುವ ಹೊತ್ತಿಗೆ ಪೂರ್ತಿ ಮುಗಿದಿರುವ ಕೊನೆಯ ವರ್ಷ ಅದೇ.

ಮಧ್ಯದಲ್ಲಿ ಒಂದು ಸೆಮಿಸ್ಟರ್ ಕುಸಿದಿದ್ದರೆ ಓದುವವರು ಕಾರಣ ಹುಡುಕುತ್ತಾರೆ. ಮನೆಯಲ್ಲಿ ಕಾಯಿಲೆ, ಸಾವು, ಊರು ಬದಲು, ಇಂಥದ್ದು ಏನಾದರೂ ಆಗಿದ್ದರೆ ಅರ್ಜಿಯಲ್ಲಿ ಹೆಚ್ಚಿನ ವಿವರಕ್ಕೆ ಅಂತಲೇ ಜಾಗ ಇದೆ. ಅಲ್ಲಿ ನಾಲ್ಕು ಸಾಲು ನೇರವಾಗಿ ಬರೆಯಬೇಕು. ಕೌನ್ಸೆಲರ್ ಪತ್ರದಲ್ಲಿ ಅದೇ ಮಾತು ಬಂದರೆ ಇನ್ನೂ ಒಳ್ಳೆಯದು. ನಮ್ಮ ಮನೆಗಳಲ್ಲಿ ಇಂಥದ್ದನ್ನು ಹೇಳಿಕೊಳ್ಳಲು ಸಂಕೋಚ. ದಯವಿಟ್ಟು ಹೇಳಿ. ಹೇಳದೆ ಇದ್ದರೆ ಅವರಿಗೆ ಕಾಣುವುದು ಬರೀ ಸಿ.

"ಬಿ ಬಂದರೆ ಕ್ಲಾಸು ಬಿಡಿಸಿಬಿಡಲಾ?"

ಹೋದ ವರ್ಷ ಒಬ್ಬ ಪರಿಚಯದವರು ಫೋನ್ ಮಾಡಿದ್ದರು. "ಅಕ್ಕ, ಮಗಳಿಗೆ ಎಪಿ ಕೆಮಿಸ್ಟ್ರಿಯಲ್ಲಿ ಬಿ ಬರೋ ಹಾಗಿದೆ. ಸಾದಾ ಕೆಮಿಸ್ಟ್ರಿಗೆ ಹಾಕಿಸಿದ್ರೆ ಎ ಗ್ಯಾರಂಟಿ. ಏನು ಮಾಡ್ಲಿ?" ದನಿಯಲ್ಲೇ ಆತಂಕ ಇತ್ತು. ಈ ಪ್ರಶ್ನೆ ಕೇಳದ ಮನೆಯೇ ಇಲ್ಲ ಅನ್ನಬಹುದು.

ನಾನು ವಾಪಸ್ ಕೇಳಿದ್ದು ಎರಡೇ. ಮಿಕ್ಕ ಕ್ಲಾಸುಗಳು ಹೇಗೆ ನಡೀತಿವೆ? ಮಗು ನಿದ್ದೆ ಮಾಡ್ತಿದ್ದಾಳಾ? ಮಿಕ್ಕಿದ್ದೆಲ್ಲ ಚೆನ್ನಾಗಿದ್ದು ಒಂದು ಕಷ್ಟದ ಕ್ಲಾಸಿನಲ್ಲಿ ಬಿ ಬಂದರೆ ಅದರಿಂದ ಬಾಗಿಲು ಮುಚ್ಚುವುದಿಲ್ಲ. ಕಷ್ಟದ್ದನ್ನು ಮುಟ್ಟಿ ನೋಡಿದಳು ಅಂತ ಓದುವವರಿಗೆ ಗೊತ್ತಾಗುತ್ತದೆ. ಆದರೆ ಆ ಒಂದು ಕ್ಲಾಸಿನ ಹಿಂದೆ ಬಿದ್ದು ಇನ್ನೆರಡು ವಿಷಯ ಜಾರುತ್ತಿದ್ದರೆ, ಗ್ರೇಡ್ ಸಿ ಕಡೆಗೆ ಹೊರಟಿದ್ದರೆ, ಇಳಿಸಿಕೊಳ್ಳುವುದರಲ್ಲಿ ತಪ್ಪೇ ಇಲ್ಲ. ವರ್ಷದ ಮಧ್ಯೆ ಕ್ಲಾಸು ಬಿಟ್ಟರೆ ಕೆಲವು ಶಾಲೆಗಳಲ್ಲಿ ಟ್ರಾನ್ಸ್‌ಕ್ರಿಪ್ಟ್ ಮೇಲೆ ಅದರ ಗುರುತು ಉಳಿಯುತ್ತದೆ. ಅದರ ಕೊನೆಯ ದಿನಾಂಕ ಮೊದಲೇ ಕೇಳಿಟ್ಟುಕೊಳ್ಳಿ ಅಂದೆ. ಆ ಹುಡುಗಿ ಕ್ಲಾಸಿನಲ್ಲೇ ಉಳಿದಳು. ಬಿ ಬಂತು.

ಇಲ್ಲೇ ಇನ್ನೊಂದು ಮಾತು. ಎಪಿ ಕ್ಲಾಸಿನ ಗ್ರೇಡ್ ಬೇರೆ, ಮೇ ತಿಂಗಳಲ್ಲಿ ಬರುವ ಎಪಿ ಪರೀಕ್ಷೆಯ 1ರಿಂದ 5ರ ಸ್ಕೋರ್ ಬೇರೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎ ಇದ್ದು ಪರೀಕ್ಷೆಯಲ್ಲಿ 2 ಬಂದರೆ ಆ ಎ ಎಷ್ಟು ಗಟ್ಟಿ ಅಂತ ಪ್ರಶ್ನೆ ಏಳುತ್ತದೆ. ಕ್ಲಾಸಿನಲ್ಲಿ ಬಿ, ಪರೀಕ್ಷೆಯಲ್ಲಿ 5 ಇದ್ದರೆ ಬಿ ಬಗ್ಗೆ ಇದ್ದ ಅನುಮಾನ ಕರಗುತ್ತದೆ. 12ನೇ ತರಗತಿಯ ಎಪಿ ಪರೀಕ್ಷೆಯ ಫಲಿತಾಂಶ ಮಾತ್ರ ಜುಲೈನಲ್ಲಿ ಬರುತ್ತದೆ. ಅಷ್ಟರಲ್ಲಿ ಅಡ್ಮಿಷನ್ ಮುಗಿದೇ ಹೋಗಿರುತ್ತದೆ.

ಅಂಕ ಕೂಡಿಸುತ್ತಿದ್ದ ಕಾಲ, ರ‍್ಯಾಂಕ್ ನೋಡುವ ರಾಜ್ಯ

ಎಲ್ಲರೂ ಹೀಗೆ ಕೂತು ಓದುತ್ತಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಿಂದ 150 ಅಂಕಗಳ ಒಂದು ಪಟ್ಟಿ ಇತ್ತು. 100 ಮುಟ್ಟಿದರೆ ಸೀಟು ಬಹುತೇಕ ಖಾತ್ರಿ. ಅದರಲ್ಲಿ ಹೈಸ್ಕೂಲ್ ಜಿಪಿಎಗೆ 80 ಅಂಕದವರೆಗೆ. ಎಸ್‌ಎಟಿ, ಎಸಿಟಿಯಂಥ ಕಾಲೇಜು ಪ್ರವೇಶ ಪರೀಕ್ಷೆಗೆ ಜಾಸ್ತಿ ಅಂದರೆ 12. ಗ್ರೇಡ್‌ನ ತೂಕವನ್ನು ಇಷ್ಟು ಬಿಡಿಸಿ ಅಂಕಿಯಲ್ಲಿ ಬರೆದಿಟ್ಟದ್ದು ಅಪರೂಪ. ಅದೇ ಪಟ್ಟಿಯಲ್ಲಿ ಕೆಲವು ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ತಾನಾಗಿಯೇ 20 ಅಂಕ ಸಿಗುತ್ತಿತ್ತು. 2003ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಸಲ್ಲದು ಅಂದಿತು. ಪ್ರತಿಯೊಬ್ಬರನ್ನೂ ಬಿಡಿಯಾಗಿ ನೋಡದೆ ಯಂತ್ರದ ಹಾಗೆ ಅಂಕ ಕೊಡುತ್ತೀರಿ ಅನ್ನುವುದು ಆಕ್ಷೇಪ. ಮಿಷಿಗನ್ ಪಟ್ಟಿ ಕೈಬಿಟ್ಟು ಫೈಲ್ ಓದುವ ಪದ್ಧತಿಗೆ ಬಂತು. ಇಪ್ಪತ್ತು ವರ್ಷದ ನಂತರ, 2023ರ ಜೂನ್ 29ರಂದು, ಹಾರ್ವರ್ಡ್ ಕೇಸಿನಲ್ಲಿ ಅದೇ ಕೋರ್ಟು ಅಡ್ಮಿಷನ್‌ನಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ನಿಲ್ಲಿಸಿತು.

ಟೆಕ್ಸಾಸ್ ಬೇರೆಯೇ ದಾರಿ ಹಿಡಿಯಿತು. 1997ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಟೆಕ್ಸಾಸ್‌ನ ಯಾವುದೇ ಹೈಸ್ಕೂಲ್ ಆಗಲಿ, ತನ್ನ ಬ್ಯಾಚಿನ ಮೊದಲ ಶೇ. 10ರೊಳಗೆ ಇರುವ ಮಗುವಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು. ಇಲ್ಲಿ ಜಿಪಿಎ ಅನ್ನುವುದು ರ‍್ಯಾಂಕ್ ತೀರ್ಮಾನಿಸುವ ಸಾಧನ. ಶ್ರೀಮಂತರ ಬಡಾವಣೆಯ ಶಾಲೆಯಲ್ಲಿ 50ನೆಯವನಾದರೂ ಅಷ್ಟೇ, ಗಡಿ ಊರಿನ ಶಾಲೆಯಲ್ಲಿ 5ನೆಯವಳಾದರೂ ಅಷ್ಟೇ, ಅವರವರ ಶಾಲೆಯೊಳಗೆ ಎಲ್ಲಿ ನಿಂತಿದ್ದಾರೆ ಅನ್ನುವುದು ಮಾತ್ರ ಲೆಕ್ಕ. ಆಸ್ಟಿನ್‌ನ ಮುಖ್ಯ ಕ್ಯಾಂಪಸ್‌ಗೆ ಹೀಗೆ ಬರುವವರು ತುಂಬಿ ತುಳುಕಿದಾಗ ಅಲ್ಲಿಗೆ ಮಾತ್ರ ಮಿತಿ ಬಿಗಿ ಮಾಡಿದರು. ಹಲವು ವರ್ಷ ಅದು ಶೇ. 6 ಇತ್ತು. 2026ರಲ್ಲಿ ಸೇರುವವರಿಗೆ ಶೇ. 5 ಆಯಿತು. ಸೀಟು ಸಿಕ್ಕಿದರೂ ಬೇಕಾದ ವಿಭಾಗ ಸಿಗುತ್ತದೆ ಅಂತ ಅರ್ಥವಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಮತ್ತೆ ಬೇರೆಯಾಗಿ ಫೈಲ್ ಓದುತ್ತಾರೆ.

ಟೆಕ್ಸಾಸ್ ಬಿಟ್ಟರೆ ರ‍್ಯಾಂಕ್‌ನ ಬೆಲೆ ಇಳಿಯುತ್ತಾ ಬಂದಿದೆ. ಮಕ್ಕಳ ನಡುವೆ ಪೈಪೋಟಿ ಜಾಸ್ತಿಯಾಯಿತು ಅಂತ ಎಷ್ಟೋ ಶಾಲೆಗಳು ರ‍್ಯಾಂಕ್ ಕೊಡುವುದನ್ನೇ ನಿಲ್ಲಿಸಿವೆ.

ಎಲ್ಲರಿಗೂ ಎ ಸಿಕ್ಕಿದರೆ?

ಗ್ರೇಡ್ ನಂಬಲರ್ಹವಾ ಅನ್ನುವ ಪ್ರಶ್ನೆಗೆ ಈಗ ಬರೋಣ. ಇದು ಸುಲಭದ ಪ್ರಶ್ನೆಯಲ್ಲ.

2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಹೊರತಂದರು. ಶಿಕಾಗೋದ ಸರ್ಕಾರಿ ಶಾಲೆಗಳಿಂದ ಬಂದ 55,000ಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿದ್ದರು. ಯಾರು ಕಾಲೇಜು ಮುಗಿಸಿ ಪದವಿ ಪಡೆಯುತ್ತಾರೆ ಅಂತ ಮೊದಲೇ ಊಹಿಸುವುದರಲ್ಲಿ ಹೈಸ್ಕೂಲ್ ಜಿಪಿಎ ಎಸಿಟಿ ಸ್ಕೋರ್‌ಗಿಂತ ಸುಮಾರು ಐದು ಪಟ್ಟು ಗಟ್ಟಿ ಅಂತ ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಪರೀಕ್ಷೆ ಒಂದು ಬೆಳಿಗ್ಗೆಯ ಮಾತು. 48 ಗ್ರೇಡ್ ಅಂದರೆ ನಾಲ್ಕು ವರ್ಷ ಎದ್ದು ಶಾಲೆಗೆ ಹೋಗಿದ್ದು, ಇಷ್ಟವಿಲ್ಲದ ವಿಷಯದ ಹೋಮ್‌ವರ್ಕೂ ಮುಗಿಸಿದ್ದು, ಬೇರೆಬೇರೆ ಸ್ವಭಾವದ ಮೇಷ್ಟ್ರುಗಳ ಜೊತೆ ಹೊಂದಿಕೊಂಡಿದ್ದು. ಕಾಲೇಜು ಮುಗಿಸಲು ಬೇಕಾದದ್ದೂ ಅದೇ ಅಲ್ವಾ?

ಆದರೆ ಗ್ರೇಡ್‌ಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿವೆ. ಅಮೆರಿಕ ಸರ್ಕಾರದ ಟ್ರಾನ್ಸ್‌ಕ್ರಿಪ್ಟ್ ಅಧ್ಯಯನದಲ್ಲಿ 1990ರಲ್ಲಿ ಹೈಸ್ಕೂಲ್ ಮುಗಿಸಿದವರ ಸರಾಸರಿ ಜಿಪಿಎ 2.68 ಇತ್ತು. 2009ರಲ್ಲಿ 3.00, 2019ರಲ್ಲಿ 3.11. ಅದೇ ಹತ್ತು ವರ್ಷದಲ್ಲಿ 12ನೇ ತರಗತಿಯವರ ಗಣಿತದ ಮಟ್ಟ ಏರಲಿಲ್ಲ, ಸ್ವಲ್ಪ ಇಳಿಯಿತು. ಗ್ರೇಡ್ ಏರಿದೆ, ಕಲಿಕೆ ಏರಿಲ್ಲ.

ಇದರ ಪೆಟ್ಟು ಜೋರಾಗಿ ಬೀಳುವುದು ತುದಿಯಲ್ಲಿರುವ ಕಾಲೇಜುಗಳಿಗೆ. ಅರ್ಜಿ ಹಾಕಿದವರೆಲ್ಲ 3.9ರಿಂದ 4.0ರ ಒಳಗೇ ಇದ್ದರೆ ಜಿಪಿಎ ನೋಡಿ ಬೇರ್ಪಡಿಸಲು ಏನೂ ಉಳಿಯುವುದಿಲ್ಲ. ಎಲ್ಲರೂ ಆರಡಿ ಎತ್ತರ ಇರುವ ಗುಂಪಿನಲ್ಲಿ ಎತ್ತರ ಅಳೆದ ಹಾಗೆ. ಐವಿ ಲೀಗ್ (ಹಾರ್ವರ್ಡ್, ಯೇಲ್‌ನಂಥ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪು) ಮತ್ತು ಅದರ ಸಾಲಿನ ಕಾಲೇಜುಗಳ ಮೇಲೆ 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಶಿಕಾಗೋದ ಉತ್ತರ ತಲೆಕೆಳಗಾಯಿತು. ಅಲ್ಲಿನ ಮಕ್ಕಳ ಕಾಲೇಜು ಗ್ರೇಡ್‌ಗಳನ್ನು ಎಸ್‌ಎಟಿ, ಎಸಿಟಿ ಸ್ಕೋರ್‌ಗಳೇ ಹೈಸ್ಕೂಲ್ ಜಿಪಿಎಗಿಂತ ಚೆನ್ನಾಗಿ ಸೂಚಿಸಿದವು. ಎರಡು ಅಧ್ಯಯನಗಳೂ ಸರಿಯೇ. ಅಳೆದ ಗುಂಪು ಬೇರೆ, ಅಳೆದ ಗುರಿಯೂ ಬೇರೆ. ಒಂದು ಪದವಿ ಮುಗಿಸುವುದನ್ನು ನೋಡಿತು, ಇನ್ನೊಂದು ಕಾಲೇಜಿನೊಳಗಿನ ಗ್ರೇಡ್ ನೋಡಿತು. ಇವುಗಳಲ್ಲಿ ಒಂದನ್ನೇ ಹಿಡಿದು ವಾದ ಮಾಡುವವರನ್ನು ಕಂಡರೆ ನನಗೆ ಬೇಸರ.

ಇದರಿಂದಲೇ ಕಾಲೇಜುಗಳು ಒಂದೊಂದು ದಿಕ್ಕಿಗೆ ಹೋದವು. ಕೋವಿಡ್ ಬಂದ 2020ರಲ್ಲಿ ಬಹುತೇಕ ಎಲ್ಲರೂ ಎಸ್‌ಎಟಿ, ಎಸಿಟಿ ಪರೀಕ್ಷೆ ಐಚ್ಛಿಕ ಮಾಡಿದರು. ಎಂಐಟಿ 2022ರ ಮಾರ್ಚ್‌ನಲ್ಲಿ ಪರೀಕ್ಷೆ ವಾಪಸ್ ತಂದಿತು. ಗಣಿತದ ತಯಾರಿ ಇದೆಯಾ ಅಂತ ತಿಳಿಯಲು ಅದು ಬೇಕು ಅಂದರು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ ಕೂಡ ಪರೀಕ್ಷೆಯ ಕಡೆ ಮರಳಿದವು. ಯುಸಿ ಮಾತ್ರ ಸ್ಕೋರ್ ಕಳಿಸಿದರೂ ಅಡ್ಮಿಷನ್‌ಗೆ ನೋಡುವುದಿಲ್ಲ. ಅಚ್ಚರಿ ಏನೆಂದರೆ, ಪರೀಕ್ಷೆ ಉಪಯುಕ್ತ ಅಂತ ಯುಸಿಯ ಅಧ್ಯಾಪಕರ ಸಮಿತಿಯೇ 2020ರಲ್ಲಿ ವರದಿ ಕೊಟ್ಟಿತ್ತು. ಆಡಳಿತ ಮಂಡಳಿ ಅದೇ ವರ್ಷ ಮೇನಲ್ಲಿ ಪರೀಕ್ಷೆ ಕೈಬಿಡುವ ತೀರ್ಮಾನ ಮಾಡಿತು. ಪರೀಕ್ಷೆ ಇಲ್ಲದ ಕಡೆ ಗ್ರೇಡ್‌ನ ತೂಕ ತಾನಾಗಿಯೇ ಜಾಸ್ತಿ ಆಗುತ್ತದೆ. ಮಗು ಎಲ್ಲಿಗೆ ಅರ್ಜಿ ಹಾಕುತ್ತದೆ ಅನ್ನುವುದರ ಮೇಲೆ ಅದೇ ಟ್ರಾನ್ಸ್‌ಕ್ರಿಪ್ಟ್‌ನ ಬೆಲೆ ಬದಲಾಗುತ್ತದೆ.

ಒಂದೊಂದು ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆ ಅಂತ ಸುತ್ತಿ ಬಳಸಿ ಕೇಳಬೇಕಾಗಿಲ್ಲ. ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆಯನ್ನು ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸುತ್ತವೆ. ಅದರ ಸಿ7 ಭಾಗದಲ್ಲಿ ಒಂದು ಕೋಷ್ಟಕ ಇರುತ್ತದೆ. ಪಾಠಗಳ ಕಠಿಣತೆ, ರ‍್ಯಾಂಕ್, ಜಿಪಿಎ, ಪರೀಕ್ಷೆ, ಪ್ರಬಂಧ ಹೀಗೆ ಸಾಲಾಗಿ ಬರೆದು ಪ್ರತಿಯೊಂದರ ಮುಂದೆ "ತುಂಬಾ ಮುಖ್ಯ", "ಮುಖ್ಯ", "ನೋಡುತ್ತೇವೆ", "ನೋಡುವುದಿಲ್ಲ" ಅಂತ ಗುರುತು ಹಾಕಿರುತ್ತಾರೆ. ಕಾಲೇಜಿನ ಹೆಸರಿನ ಜೊತೆ ಆ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ. ದುಡ್ಡು ಕೊಟ್ಟು ಸಲಹೆಗಾರರ ಹತ್ತಿರ ಹೋಗುವ ಮೊದಲು ಆ ಒಂದು ಪುಟ ನೋಡಿ.

ಸೀಟು ಸಿಕ್ಕಿದ ಮೇಲೂ

ಡಿಸೆಂಬರ್‌ನಲ್ಲೋ ಮಾರ್ಚ್‌ನಲ್ಲೋ ಒಳ್ಳೆಯ ಸುದ್ದಿ ಬಂದ ತಕ್ಷಣ 12ನೇ ತರಗತಿಯ ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಾರೆ. ಅಡ್ಮಿಷನ್ ಪತ್ರವನ್ನು ಪೂರ್ತಿ ಓದಿದರೆ ಕೆಳಗೆ ಒಂದು ಷರತ್ತು ಇರುತ್ತದೆ. ಮೊದಲ ಸೆಮಿಸ್ಟರ್ ಮುಗಿದಾಗ ಕೌನ್ಸೆಲರ್ ಮಧ್ಯವರ್ಷದ ವರದಿ ಕಳಿಸುತ್ತಾರೆ. ಬೇಸಿಗೆಯಲ್ಲಿ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ. ಯುಸಿ ಕ್ಯಾಂಪಸ್‌ಗಳಲ್ಲಿ ಸಾಮಾನ್ಯವಾಗಿ 12ನೇ ತರಗತಿಯಲ್ಲಿ 3.0 ಉಳಿಸಿಕೊಂಡಿರಬೇಕು, ಡಿ ಅಥವಾ ಎಫ್ ಇರಬಾರದು. ಅರ್ಜಿಯಲ್ಲಿ ಬರೆದ ಕ್ಲಾಸನ್ನು ಹೇಳದೆ ಬಿಟ್ಟರೂ ತೊಂದರೆ. ಗ್ರೇಡ್ ಜಾರಿದ್ದು ಗೊತ್ತಾದರೆ ಕಾಲೇಜಿನಿಂದ ಪತ್ರ ಬರುವವರೆಗೆ ಕಾಯಬಾರದು, ಮೊದಲೇ ನಾವೇ ಬರೆದು ತಿಳಿಸಬೇಕು.

ಗ್ರೇಡ್‌ಗೂ ದುಡ್ಡಿಗೂ ಇರುವ ನಂಟನ್ನೂ ಮರೆಯಬಾರದು. ಜಾರ್ಜಿಯಾ ರಾಜ್ಯದಲ್ಲಿ 1993ರಿಂದ ಹೋಪ್ ವಿದ್ಯಾರ್ಥಿವೇತನ ಇದೆ. ಮುಖ್ಯ ವಿಷಯಗಳಲ್ಲಿ 3.0 ಜಿಪಿಎ ಇದ್ದವರಿಗೆ ಅದು ರಾಜ್ಯದ ಕಾಲೇಜುಗಳ ಫೀಸಿಗೆ ನೆರವಾಗುತ್ತದೆ. ಅಲಬಾಮ ವಿಶ್ವವಿದ್ಯಾಲಯದಂಥ ಕಡೆ ಜಿಪಿಎ, ಪರೀಕ್ಷೆಯ ಸ್ಕೋರ್ ಇಷ್ಟಿದ್ದರೆ ಇಷ್ಟು ಫೀಸು ಕಡಿಮೆ ಅಂತ ಮೊದಲೇ ಪಟ್ಟಿ ಹಾಕಿರುತ್ತಾರೆ. ಅಡ್ಮಿಷನ್‌ಗೆ ಸಾಕಾಗುವ ಗ್ರೇಡ್ ಮೇಲೆ ಇನ್ನೂ ಸ್ವಲ್ಪ ಏರಿದರೆ ಇಂಥ ಕಡೆ ಮನೆಗೆ ಸಾವಿರಾರು ಡಾಲರ್ ಉಳಿಯುತ್ತದೆ.

ಹೈಸ್ಕೂಲ್ ಗ್ರೇಡ್ ನಿಜವಾಗಲೂ ಕೈಕೊಟ್ಟಿದ್ದರೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ಕೇಳಲು ನಾಚಿಕೆ ಪಡುತ್ತಾರೆ. ಮೊದಲನೆಯದಾಗಿ, ಸುದ್ದಿಯಲ್ಲಿ ಬರುವ ಹತ್ತಿಪ್ಪತ್ತು ಕಾಲೇಜುಗಳನ್ನು ಬಿಟ್ಟರೆ ಅಮೆರಿಕದ ನಾಲ್ಕು ವರ್ಷದ ಕಾಲೇಜುಗಳಲ್ಲಿ ಹೆಚ್ಚಿನವು ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯನ್ನು ತಗೊಳ್ಳುತ್ತವೆ. ಎರಡನೆಯದು ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು 116 ಇವೆ. ಹೈಸ್ಕೂಲ್ ಮುಗಿಸಿದವರಿಗೆ ಬಾಗಿಲು ತೆರೆದೇ ಇರುತ್ತದೆ, ಯಾರೂ ಜಿಪಿಎ ಕೇಳುವುದಿಲ್ಲ. ಅಲ್ಲಿ ಎರಡು ವರ್ಷ ಓದಿ 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಮುಗಿಸಿದ ಮೇಲೆ ಯುಸಿಗೆ ಮೂರನೇ ವರ್ಷಕ್ಕೆ ಅರ್ಜಿ ಹಾಕಬಹುದು. ಆರು ಯುಸಿ ಕ್ಯಾಂಪಸ್‌ಗಳಲ್ಲಿ, ಹೇಳಿದ ಕೋರ್ಸು ಮತ್ತು ಜಿಪಿಎ ಪೂರೈಸಿದರೆ, ಸೀಟು ಖಾತ್ರಿ ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳುವ ಏರ್ಪಾಡೂ ಇದೆ. ಆ ಅರ್ಜಿಯಲ್ಲಿ ಅವರು ತೂಗಿ ನೋಡುವುದು ಕಮ್ಯುನಿಟಿ ಕಾಲೇಜಿನ ಗ್ರೇಡ್‌ಗಳನ್ನು. 10ನೇ ತರಗತಿಯ ಕೆಮಿಸ್ಟ್ರಿಯಲ್ಲಿ ಬಂದ ಡಿ ಆ ಲೆಕ್ಕದಲ್ಲಿ ಸೇರುವುದಿಲ್ಲ.